ತಮ್ಮನ ಕುತ್ತಿಗೆ ತಿದ್ದಿದ ಮಾಳವ್ವ

ಕುಸುಬಿ ಎಣ್ಣೆ ಸಣ್ಣ ಉರಿಯ ಮೇಲೆ ಬೆಚ್ಚಗಾಗುವಾಗ ಒಂದು ವಾಸನೆ ಬರುತ್ತದೆ. ಒಗ್ಗರಣೆಗೆ ಕಾಯಿಸಿದಾಗಿನ ಘಾಟು ಅಲ್ಲ, ಅದಕ್ಕೂ ಮುಂಚಿನದು. ಹೊಲದಲ್ಲಿ ನಿಂತಲ್ಲೇ ಒಣಗಿದ ಹೂವಿನಂಥ, ತುಸು ಕಹಿಯಾದ ಮೆಲುವಾಸನೆ. ಅಂಗಡಿಯ ಡಬ್ಬಿಯ ಎಣ್ಣೆಗೆ ಅದು ಇರುವುದಿಲ್ಲ. ಮೊನ್ನೆ ಪರಿಚಯದವರೊಬ್ಬರು ಗಾಣದ ಎಣ್ಣೆ ತಂದುಕೊಟ್ಟಿದ್ದರು. ಬಟ್ಟಲಲ್ಲಿ ಒಲೆಯ ಮೇಲಿಟ್ಟು ಈಚೆ ತಿರುಗುವಷ್ಟರಲ್ಲಿ ನಾನು ಬನಹಟ್ಟಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿದ್ದೆ, ಎಂಟು ವರ್ಷದ ಹುಡುಗಿಯಾಗಿದ್ದೆ. ರಾಜರ ಕಾಲ ಮುಗಿದು ನಾವೆಲ್ಲ ಮುಂಬೈ ಸರ್ಕಾರದವರಾಗಿದ್ದ ದಿನಗಳು ಅವು. ಒಳಗೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಅಪ್ಪ ಸೀರೆ ನೇಯುತ್ತಿದ್ದ. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವ ಸದ್ದಿಗೆ ಮನೆಯ ನೆಲ ಕೂಡ ಸಣ್ಣಗೆ ನಡುಗುತ್ತಿತ್ತು. ಗಂಜಿ ಹಚ್ಚಿದ ನೂಲಿನ ಹುಳಿವಾಸನೆ ಗೋಡೆಗೇ ಹತ್ತಿಕೊಂಡಿತ್ತು. ನಿಮ್ಮ ಬಾಲ್ಯದ ಮನೆಗೂ ಇಂಥ ಒಂದು ವಾಸನೆ ಇದ್ದಿರಬೇಕು. ಅದು ಎಲ್ಲಿಗೆ ಹೋಯಿತೆಂದು ನೀವೂ ಕೇಳಿಕೊಂಡಿರಬೇಕು.

ಆ ವರ್ಷ ನನಗೆ ತಮ್ಮ ಹುಟ್ಟಿದ್ದ. ಮಲ್ಲು ಎಂದು ಕರೆಯುತ್ತಿದ್ದೆವು. ನನ್ನ ನಂತರ ಹುಟ್ಟಿದ ಎರಡು ಕೂಸು ಉಳಿದಿರಲಿಲ್ಲವಾದ್ದರಿಂದ ಇವನನ್ನು ಮುಟ್ಟುವುದಕ್ಕೂ ಎಲ್ಲರಿಗೂ ಅಂಜಿಕೆ. ನಮ್ಮ ಆಯಿ, ಎಂದರೆ ಅಪ್ಪನ ತಾಯಿ, "ಕೂಸಿನ ಗೋಣು ಇನ್ನ ನಿಂತಿಲ್ಲ, ನೀ ಎತ್ತಬ್ಯಾಡ" ಎಂದು ನನಗೆ ಹತ್ತು ಸಲ ಹೇಳಿದ್ದಳು. ಒಂದು ದಿನ ಅವ್ವ ಬಚ್ಚಲಿಗೆ ಹೋಗಿದ್ದಾಗ ಮಲ್ಲು ಒಂದೇ ಸವನೆ ಅಳತೊಡಗಿದ. ನಾನು ತಡೆಯಲಾರದೆ ಎರಡೂ ಕಂಕುಳಿಗೆ ಕೈಹಾಕಿ ಎತ್ತಿದೆ. ಅವನ ತಲೆ ತಟಕ್ಕನೆ ಹಿಂದಕ್ಕೆ ವಾಲಿತು. ಹೆದರಿ ಮತ್ತೆ ತೊಟ್ಟಿಲಿಗೆ ಹಾಕಿದೆ. ಅವನು ಸುಮ್ಮನಾದ. ನಾನೂ ಸುಮ್ಮನಾದೆ, ಯಾರಿಗೂ ಹೇಳಲಿಲ್ಲ.

ಇದಾಗಿ ಎಂಟು ದಿನಕ್ಕೆ, ಕೂಸಿಗೆ ಎರೆಯಲು ಕಾಲ ಮೇಲೆ ಹಾಕಿಕೊಂಡಿದ್ದ ಆಯಿಯೇ ಅದನ್ನು ಮೊದಲು ಕಂಡಳು. ಕೂಸಿನ ತಲೆ ಎಡಭುಜದ ಕಡೆ ವಾಲಿತ್ತು, ಮುಖ ಬಲಕ್ಕೆ ತಿರುಗಿತ್ತು. ನೆಟ್ಟಗೆ ಮಾಡಿದರೆ ಕಿರುಚಿ ಮತ್ತೆ ಅಲ್ಲಿಗೇ ಬರುತ್ತಿತ್ತು. ಓಣಿಯವರು ಬಂದು ನೋಡಿ, ಕೆನ್ನೆಗೆ ಕೈ ಹಚ್ಚಿಕೊಂಡು ಹೋದರು. ಜಮಖಂಡಿಯ ದವಾಖಾನೆಗೆ ಒಯ್ಯೋಣವೆಂದು ಅಪ್ಪ ಅಂದರೆ, ಹಸಿ ಬಾಣಂತಿ ಹೊಸ್ತಿಲು ದಾಟಬಾರದೆಂದು ಆಯಿ ಅಡ್ಡಬಂದಳು. ಆಕೆಗೆ ಗೊತ್ತಿದ್ದ ಮದ್ದು ಒಂದೇ, ಬರೆ. ಬಳೆಚೂರು ಕೆಂಪಗೆ ಕಾಸಿ ಕುತ್ತಿಗೆಗೆ ಎಳೆಯುವ ಮುದುಕನೊಬ್ಬ ಅಮಾವಾಸ್ಯೆಗೆ ಬರುವುದಾಗಿ ಹೇಳಿ ಕಳಿಸಿದ್ದ. ನಾನು ದಿನ ಎಣಿಸುತ್ತಿದ್ದೆ. ತಪ್ಪು ನನ್ನದು, ಸುಡುವುದು ಅವನನ್ನು.

ಬರೆಯ ಸುದ್ದಿ ಕೇಳಿ ಮಾಳವ್ವ ಬಂದದ್ದು ಅಮಾವಾಸ್ಯೆಗೆ ಎರಡು ದಿನ ಮುಂಚೆ. ಆಕೆ ತುಬಚಿಯ ಕಡೆಯ ಕುರುಬರ ಹೆಣ್ಣುಮಗಳು. ಗಂಡ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಅಡವಿಯಲ್ಲಿರುತ್ತಿದ್ದ. ಈಕೆ ನಮ್ಮ ಓಣಿಯ ಕೊನೆಯಲ್ಲಿ ಅಣ್ಣನ ಮನೆಯಲ್ಲಿದ್ದು ಉಣ್ಣೆ ನೂಲುತ್ತಿದ್ದಳು. ಓಣಿಯ ಕೂಸುಗಳ ಕೈಕಾಲು ಉಳುಕಿದರೆ ಇವಳನ್ನೇ ಕರೆಯುತ್ತಿದ್ದರು. ಎತ್ತರದ, ಮಿತಭಾಷಿ ಹೆಂಗಸು. ಮೈಯೆಲ್ಲ ಒರಟು, ಬೆರಳ ತುದಿ ಮಾತ್ರ ಬೆಣ್ಣೆ. ಉಣ್ಣೆಯ ಜಿಡ್ಡು ಅದನ್ನು ಹಾಗೆ ಮಾಡಿತ್ತೋ ಏನೋ. ಮಲ್ಲುವನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು, ಕಣ್ಣು ಮುಚ್ಚಿ, ಅವನ ಕುತ್ತಿಗೆಯ ಮೇಲೆ ಎರಡು ಬೆರಳು ಇಟ್ಟು ಬಹಳ ಹೊತ್ತು ಕೂತಳು. ಆಮೇಲೆ ಆಯಿಯ ಕಡೆ ನೋಡಿದಳು.

"ಎಳೀ ಕೂಸಿಗೆ ಬೆಂಕಿ ತೋರಸ್ತೀರೇನ್ರೀ, ಅವ್ವಾರ?"

"ಮತ್ತೇನ ಮಾಡೂದು? ಹಿಂಗ ಸೊಟ್ಟನ ಬೆಳೀಲೇನು?"

"ಈ ಅಮಾಸಿ ಹೋಗಲಿ, ಮುಂದಿನ ಅಮಾಸಿ ತನಕಾ ನನಗ ಬಿಡ್ರಿ. ಆಗಲಿಲ್ಲಂದ್ರ ನಿಮ್ಮ ಮನಸಿಗೆ ಬಂದಂಗ ಮಾಡ್ರಿ."

ಆಗ ಬಾಣಂತಿ ಕೋಣೆಯಿಂದ ಅವ್ವನ ದನಿ ಕೇಳಿಸಿತು: "ಅತ್ತಿ, ಮಾಳಕ್ಕಗ ಬಿಡೂನ್ರಿ." ಅತ್ತೆಯ ಮಾತಿಗೆ ಅವ್ವ ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಗ್ಗದ ಸದ್ದು ಕೂಡ ನಿಂತಿತು. ಆಯಿ ಸೆರಗು ಕೊಡವಿಕೊಂಡು ಎದ್ದು ಹೋದಳು, ಆದರೆ ಬೇಡ ಎನ್ನಲಿಲ್ಲ.

ಬರೆ ಎಳೆಯುವ ಮುದುಕನಿಗೆ ಒಂದು ತಿಂಗಳು ತಡೆದು ಬರಲು ಹೇಳಿ ಕಳಿಸಿದರು. ಮರುದಿನದಿಂದ ಮಾಳವ್ವ ದಿನಾ ಮಧ್ಯಾಹ್ನ ಬರುತ್ತಿದ್ದಳು. ಬೆಚ್ಚಗಿನ ಎಣ್ಣೆಯನ್ನು ಮೊದಲು ತನ್ನ ಮುಂಗೈಗೆ ಬಿಟ್ಟು ನೋಡುವಳು. ಆಮೇಲೆ ಒಂದು ಅಂಗೈಯಲ್ಲಿ ಮಲ್ಲುವಿನ ತಲೆ ಹಿಡಿದು, ಇನ್ನೊಂದು ಕೈಯನ್ನು ಎಡಭುಜದ ಮೇಲೆ ಇಟ್ಟು ಸುಮ್ಮನೆ ಕಾಯುವಳು. ತಿಕ್ಕುವುದಿಲ್ಲ, ಒತ್ತುವುದಿಲ್ಲ, ಎಳೆಯುವುದಂತೂ ಇಲ್ಲವೇ ಇಲ್ಲ. ಬೆರಳು ಕಿವಿಯ ಹಿಂದಿನಿಂದ ಎದೆಯ ಎಲುಬಿನ ತನಕ ನೀರು ಇಳಿದಂತೆ ಇಳಿಯುತ್ತಿತ್ತು. ಕೂಸಿನ ಹುಬ್ಬು ಗಂಟಿಕ್ಕಿದರೆ ಸಾಕು, ಕೈ ನಿಲ್ಲುತ್ತಿತ್ತು. ಅದರ ಉಸಿರು ಸಡಿಲಾದ ಮೇಲೆ ತಲೆಯನ್ನು ಒಂದು ಗೋಧಿಕಾಳಿನಷ್ಟು ಬಲಕ್ಕೆ ಬಾಗಿಸಿ, ಮುಖವನ್ನು ಎಡಕ್ಕೆ ಹೊರಳಿಸುವಳು. "ಹಟ ಮಾಡಿದ್ರ ಅದೂ ಹಟ ಮಾಡತೈತಿ" ಎಂದು ಅವ್ವನಿಗೆ ಹೇಳುವಳು. ತೊಟ್ಟಿಲಿನ ತಲೆದೆಸೆಯನ್ನೂ ಬದಲಿಸಿದಳು. ಮಗ್ಗದ ಸದ್ದು ಮತ್ತು ಬಾಗಿಲ ಬೆಳಕು ಈಗ ಅವನ ಎಡಕ್ಕೆ ಬಂದವು. ನೋಡಬೇಕೆಂದರೆ ತಾನಾಗಿ ಹೊರಳಬೇಕು.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಅವ್ವ ಒಳಗೆ ನಿದ್ದೆ ಹೋಗಿದ್ದಳು. ಪಡಸಾಲೆಯಲ್ಲಿ ನಾನು, ಮಾಳವ್ವ, ಕೂಸು ಮೂವರೇ. ನನಗೆ ಇದ್ದಕ್ಕಿದ್ದಂತೆ ಅಳು ಬಂತು. "ನಾ ಎತ್ತಿದ್ದಕ್ಕ ಹಿಂಗಾತು" ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಮಾಳವ್ವ ನನ್ನ ಬೆರಳು ಹಿಡಿದು ಎಣ್ಣೆಯಲ್ಲಿ ಅದ್ದಿ ಮಲ್ಲುವಿನ ಕುತ್ತಿಗೆಯ ಎಡಗಡೆ ಇಟ್ಟಳು. ಚರ್ಮದ ಕೆಳಗೆ ಹುಣಸೆ ಬೀಜದಷ್ಟು ಗಟ್ಟಿಯಾದದ್ದೊಂದು ತಾಗಿತು.

"ಸಿಕ್ಕತೇನು? ಹೊಟ್ಟ್ಯಾಗ ಇಕ್ಕಟ್ಟಾಗಿ ಮಲಗಿ ಬಂದಾನ ನಿನ್ನ ತಮ್ಮ. ಹಿಂಗ ಬಂದ ಕೂಸು ಭಾಳ ನೋಡೇನಿ, ಕುರಿಮರಿನೂ ನೋಡೇನಿ. ಇದು ನಿನ್ನ ಕೈಯಿಂದ ಆಗಿದ್ದಲ್ಲಬೇ ಯವ್ವಾ. ಖರೇನ ಹೇಳತೇನಿ."

ಆ ಮಧ್ಯಾಹ್ನ ನಾನು ಅವಳ ತೊಡೆಗೆ ತಲೆಯಿಟ್ಟು ಮಲಗಿಬಿಟ್ಟೆನಂತೆ. ಒಂದು ಕಡೆ ನಾನು, ಒಂದು ಕಡೆ ಮಲ್ಲು; ಅವ್ವ ಎದ್ದು ಬರುವವರೆಗೂ ಮಾಳವ್ವ ಕಾಲು ಮಡಚದೆ ಕೂತಿದ್ದಳಂತೆ.

ಮುಂದಿನ ಅಮಾವಾಸ್ಯೆಗೆ ಮುದುಕ ಬಂದೇ ಬಂದ. ಕುತ್ತಿಗೆ ಪೂರಾ ನೆಟ್ಟಗಾಗಿರಲಿಲ್ಲ. ಅವ್ವ ಕೂಸನ್ನು ಎದೆಗವುಚಿಕೊಂಡು ಗೋಡೆಗೆ ಬೆನ್ನು ಹಚ್ಚಿ ನಿಂತಳು. ಆಯಿ ಅವಳನ್ನೇ ನೋಡಿದಳು, ಆಮೇಲೆ ಮಾಳವ್ವನನ್ನು ನೋಡಿದಳು. ಅಷ್ಟರಲ್ಲಿ, ಏನೂ ತಿಳಿಯದ ಅಪ್ಪ ಒಳಗೆ ಲಾಳಿ ಎಸೆದ. ಸದ್ದು ಬಂದ ಕಡೆ, ಎಡಕ್ಕೆ, ಮಲ್ಲು ಮುಖ ಹೊರಳಿಸಿದ. ಭುಜದ ತನಕ ಬರಲಿಲ್ಲ, ಅರ್ಧ ಬಂತು, ಅಲ್ಲೇ ನಿಂತು ಕಣ್ಣರಳಿಸಿದ. ಆಯಿ ಒಂದು ಮೊರ ಜೋಳ ತಂದು ಮುದುಕನ ಜೋಳಿಗೆಗೆ ಸುರಿದು, "ಹೋಗಿ ಬಾರಪಾ, ನಮ್ಮ ಕೂಸಿಗೆ ಛಲೋ ಆಗಾಕತ್ತೇತಿ" ಎಂದಳು. ಮಾಳವ್ವನಿಗೆ ಅಂದು ನಮ್ಮ ಮನೆಯಲ್ಲೇ ಊಟ. ಮಲ್ಲು ಕೂರಲು ಕಲಿಯುವ ಹೊತ್ತಿಗೆ ಅವನ ಕುತ್ತಿಗೆ ನೆಟ್ಟಗಾಗಿತ್ತು.

ಆಮೇಲೆ ಎಲ್ಲವೂ ಬೇಗ ಬೇಗ ಹೋದವು. ಆಯಿ ಹೋದಳು. ಮಗ್ಗದ ಕುಣಿಗೆ ಮಣ್ಣು ತುಂಬಿ ಮೇಲೆ ಪರಸಿ ಕಲ್ಲು ಹಾಸಿದರು, ಪಡಸಾಲೆಯಲ್ಲಿ ಪಾವರ್‌ಲೂಮ್ ಬಂತು. ಮಾಳವ್ವ ತನ್ನೂರಿಗೆ ಮರಳಿದ್ದಳು. ಮಲ್ಲುವಿಗೆ ಹದಿನೆಂಟು ತುಂಬಿದ ವರ್ಷ ಅವನನ್ನು ಕರೆದುಕೊಂಡು ನಾನು ತುಬಚಿಗೆ ಹೋದೆ. ಆಕೆಗೆ ಕಣ್ಣು ಪೂರಾ ಹೋಗಿತ್ತು. ದನಿಯ ಮೇಲೆ ನಾನು ಕಸ್ತೂರಿಯೆಂದು ಗುರುತಿಸಿದಳು. ಅವನನ್ನು ಮುಂದೆ ಕೂರಿಸಿಕೊಂಡು ಎರಡೂ ಕೈಯಿಂದ ಕುತ್ತಿಗೆ ತಡವಿದಳು, ಕಿವಿಯ ಹಿಂದಿನಿಂದ ಎದೆಯ ತನಕ, ಒಮ್ಮೆ, ಮತ್ತೊಮ್ಮೆ. ಅವಳ ಹುಬ್ಬು ಗಂಟಿಕ್ಕಿತು.

"ಎಡಕಿತ್ತೋ ಬಲಕಿತ್ತೋಬೇ ಕಸ್ತೂರಿ? ನನ್ನ ಕೈಗೆ ಹತ್ತವಲ್ದು."

"ಎಡಕ್ಕಿತ್ತು ಮಾಳವ್ವಾ" ಎಂದೆ. ಮತ್ತೆ ಎಡಗಡೆ ಹುಡುಕಿದಳು. ಏನೂ ಸಿಗಲಿಲ್ಲ. ಬೊಚ್ಚುಬಾಯಿ ತೆರೆದು ಬಹಳ ಹೊತ್ತು ನಕ್ಕಳು.

ಅದೇ ಬೇಸಿಗೆಯಲ್ಲಿ ಆಕೆ ತೀರಿಕೊಂಡಳು. ಸುದ್ದಿ ನಮಗೆ ಮುಟ್ಟುವಾಗ ಹದಿನೈದು ದಿನವಾಗಿತ್ತು. ಆಕೆಯ ಒಂದು ಫೋಟೋ ಕೂಡ ಎಲ್ಲಿಯೂ ಇಲ್ಲ. ಅಪ್ಪ ಅವ್ವ ಇಲ್ಲ. ಮಲ್ಲು ಈಗ ಅಜ್ಜನಾಗಿದ್ದಾನೆ. ಮೊಮ್ಮಕ್ಕಳು ಕರೆದರೆ ಎಡಕ್ಕೂ ಬಲಕ್ಕೂ ಹೊರಳಿ ನೋಡುತ್ತಾನೆ, ಎಲ್ಲರೂ ನೋಡುವ ಹಾಗೆಯೇ. ಅದರಲ್ಲಿ ವಿಶೇಷವೊಂದಿದೆಯೆಂದು ಕಣ್ಣಾರೆ ಕಂಡು ಬಲ್ಲವಳು ಈಗ ನಾನೊಬ್ಬಳೇ.