ಫೋಟೋದಲ್ಲಿ ಬರಬಾರದಿದ್ದ ಸೋದರಮಾವ

೧೯೯೮ರಲ್ಲಿ ನಾನು ಹಲಸೂರಿನಲ್ಲಿ ಅಪ್ಪನ ಕಾಲದ ಸ್ಟುಡಿಯೋ ನಡೆಸುತ್ತಿದ್ದೆ. ಪಾಸ್‌ಪೋರ್ಟ್ ಫೋಟೋ, ನಾಮಕರಣ, ಆರತಿ, ಮದುವೆ, ಯಾವುದನ್ನೂ ಬಿಡುತ್ತಿರಲಿಲ್ಲ. ಹೆಂಗಸೊಬ್ಬಳು ಕ್ಯಾಮೆರಾ ಹಿಡಿದು ಮಂಟಪ ಹತ್ತಿದರೆ ಆಗೆಲ್ಲ ಜನ ಮದುಮಗಳನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ನೋಡಲಿ ಬಿಡಿ, ನಾನೇನು ಸವೆದುಹೋಗುತ್ತೇನೆಯೇ! ಊರಿನಿಂದ ದೂರ ಹೋಗಿ, ಬೇಕಾದ ನಾಲ್ಕು ಜನರ ನಡುವೆ ಮದುವೆಯಾಗುವುದಕ್ಕೆ ಈಗ ಡೆಸ್ಟಿನೇಷನ್ ವೆಡ್ಡಿಂಗ್ ಎಂಬ ದೊಡ್ಡ ಹೆಸರಿದೆ. ನಾನು ಫೋಟೋ ತೆಗೆದ ಅಂಥ ಮೊದಲ ಮದುವೆ ದೂರದ ಬೆಟ್ಟದ ಮೇಲೆ ನಡೆದದ್ದು ಹೆದರಿಕೆಯಿಂದ.

ಹುಡುಗಿ ಶೋಭಾ, ಕೆ.ಆರ್. ಪುರದ ಆಚೆಯ ಒಂದು ಹಳ್ಳಿಯವಳು. ತಂದೆ ಮುನಿರಾಜಪ್ಪ ಆ ಊರಿನ ದೊಡ್ಡ ಕುಳ. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಸೈಟುಗಳಾಗಿದ್ದವು. ಹುಡುಗ ಪ್ರಕಾಶ ದೊಮ್ಮಲೂರಿನವನು, ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತ. ಜಾತಿ ಬೇರೆ. ಮುನಿರಾಜಪ್ಪನವರ ತಮ್ಮಂದಿರಿಬ್ಬರು ಅವನನ್ನು ಬಸ್ ಸ್ಟಾಪಿನಲ್ಲಿ ಹಿಡಿದು ಕೈ ಮುರಿದಿದ್ದರು. ಪ್ಲಾಸ್ಟರ್ ಬಿಚ್ಚಿಸಿದ ಮೇಲೆ ಇಬ್ಬರೂ ನನ್ನ ಅಂಗಡಿಗೆ ಬಂದರು.

“ಅಕ್ಕಾ, ತಾಳಿ ಕಟ್ಟೋ ಫೋಟೋ ಒಂದು ಸರಿಯಾಗಿ ಬಂದ್ಬಿಟ್ರೆ ಸಾಕು,” ಎಂದಳು ಶೋಭಾ.

ಗುಡಿಯಲ್ಲಾದ ಮದುವೆಯನ್ನು ರಿಜಿಸ್ಟರ್ ಮಾಡಿಸಲು ಹೋದರೆ ತಾಳಿ ಕಟ್ಟುವಾಗಿನ ಫೋಟೋ ಕೇಳುತ್ತಾರೆ. ಗಂಡು, ಹೆಣ್ಣು ಇಬ್ಬರ ಮುಖವೂ ಅದರಲ್ಲಿ ಸ್ಪಷ್ಟವಾಗಿ ಕಾಣಬೇಕು. ರಿಜಿಸ್ಟರ್ ಆಗದಿದ್ದರೆ, ಹುಡುಗಿಯನ್ನು ಅಪಹರಿಸಿದ್ದಾನೆ ಎಂದು ಚಿಕ್ಕಪ್ಪಂದಿರು ಸ್ಟೇಷನ್ನಿನಲ್ಲಿ ದೂರು ಕೊಟ್ಟು ಅವಳನ್ನು ಎಳೆದೊಯ್ಯುತ್ತಾರೆ ಎಂದು ಪ್ರಕಾಶನ ಕಡೆಯ ವಕೀಲರು ಹೇಳಿದ್ದರಂತೆ. ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಊಟ ಸೇರಲಿಲ್ಲ. ಪ್ರಕಾಶನ ಕೈ ಮುರಿದವರಿಗೆ ನನ್ನ ಕ್ಯಾಮೆರಾ ಯಾವ ಲೆಕ್ಕ?

ಮದುವೆ ಕೋಲಾರದ ಆಚೆ, ಬೆಟ್ಟದ ಮೇಲಿನ ಒಂದು ಸಣ್ಣ ಗುಡಿಯಲ್ಲಿ. ಹುಡುಗನ ಮನೆಯವರು, ಅವನ ಇಬ್ಬರು ಗೆಳೆಯರು, ನಾನು, ಎಲ್ಲರೂ ಒಂದೇ ವ್ಯಾನಿನಲ್ಲಿ ಹಿಡಿಸಿದೆವು. ಹುಡುಗಿಯ ಕಡೆಯಿಂದ ಒಂದು ನರಪಿಳ್ಳೆಯೂ ಇರಲಿಲ್ಲ. ಶೋಭಾ ತಾಯಿಗೆ ಮಾತ್ರ ಗುಟ್ಟಾಗಿ ಹೇಳಿ ಬಂದಿದ್ದಳು. ದಾರಿಯುದ್ದಕ್ಕೂ ಹಿಂದಿನ ಗಾಜಿನಲ್ಲಿ ಯಾವ ಜೀಪು ಕಂಡರೂ ವ್ಯಾನಿನೊಳಗೆ ಮಾತು ನಿಲ್ಲುತ್ತಿತ್ತು.

ಗುಡಿಯೊಳಗೆ ಹಗಲಲ್ಲೂ ಕತ್ತಲು. ಅದು ಫಿಲ್ಮ್ ಕಾಲ. ತೆಗೆದದ್ದು ಬಂತೋ ಇಲ್ಲವೋ ಎಂಬುದು ರೋಲ್ ತೊಳೆದ ಮೇಲೆಯೇ ಗೊತ್ತು. ಫ್ಲ್ಯಾಷ್ ಒಮ್ಮೆ ಹೊಡೆದರೆ ಮತ್ತೆ ಚಾರ್ಜ್ ಆಗುವವರೆಗೆ ಕಾಯಬೇಕು, ಅಷ್ಟರಲ್ಲಿ ಗಂಟು ಬಿದ್ದಿರುತ್ತದೆ. ಎಂದರೆ ನನಗಿದ್ದದ್ದು ಒಂದೇ ಅವಕಾಶ. ಬ್ಯಾಟರಿ ಹೊಸದು ಹಾಕಿದ್ದರೂ ತೆಗೆದು ತೆಗೆದು ನೋಡುತ್ತಿದ್ದೆ.

ಪುರೋಹಿತರು ಹೆಣ್ಣನ್ನು ಕರೆತನ್ನಿ ಎನ್ನುವ ಹೊತ್ತಿಗೆ ಬೆಟ್ಟದ ದಾರಿಯಲ್ಲಿ ಬುಲೆಟ್ ಬೈಕಿನ ಸದ್ದು ಕೇಳಿಸಿತು. ಶೋಭಾಳ ಮುಖದಲ್ಲಿ ರಕ್ತವಿಲ್ಲ. “ನಮ್ಮೂರಿಂದೇ ಅಕ್ಕಾ ಆ ಗಾಡಿ,” ಎಂದಳು. ಪ್ರಕಾಶನ ತಾಯಿ ಮಗನ ಮುಂದೆ ಅಡ್ಡ ನಿಂತರು. ನಾನು ಕ್ಯಾಮೆರಾವನ್ನು ಸೆರಗಿನಡಿ ಮುಚ್ಚಿಕೊಂಡು ಕಂಬದ ಹಿಂದೆ ಸರಿದೆ.

ಬಂದವನು ಒಬ್ಬನೇ. ಕಂಕುಳಲ್ಲಿ ಬಟ್ಟೆಯ ಚೀಲ. ಶೋಭಾ “ಮಾಮಾ!” ಎಂದು ಕೂಗಿ ಅಳತೊಡಗಿದಳು. ಅವಳ ತಾಯಿಯ ತಮ್ಮ ನಂಜಪ್ಪ. ಚೀಲದಲ್ಲಿ ತಾಯಿ ಕಳಿಸಿದ ಧಾರೆ ಸೀರೆ ಇತ್ತು.

“ಸೋದರಮಾವ ಕೈ ಹಿಡ್ದು ಕರ್ಕೊಂಡ್ ಬರ್ದೆ ಹೆಣ್ಣು ಹಸೆಮಣೆ ಹತ್ತಿದ್ರೆ ದಿಕ್ಕಿಲ್ದೋಳ್ ಮದ್ವೆ ಅಂತಾರೆ ಕಣಮ್ಮಾ. ನಿಂಗ್ ದಿಕ್ಕಿಲ್ವಾ? ಏಳು, ಸೀರೆ ಉಟ್ಕೊ,” ಎಂದ. ಆಮೇಲೆ ನನ್ನ ಕಡೆ ತಿರುಗಿ ಕೈ ಮುಗಿದ. “ಅಮ್ಮಾ, ನಾನ್ ಮಾತ್ರ ಫೋಟೋದಲ್ಲಿ ಬರ್ಬಾರ್ದು. ನಮ್ ಭಾವನ ತಮ್ಮಂದಿರು ನೋಡಿದ್ರೆ ನನ್ನ ಜೀವಂತ ಬಿಡಲ್ಲ.”

ಅವನು ಶೋಭಾಳ ಕೈ ಹಿಡಿದು ಕರೆತಂದು ಕೂರಿಸಿ, ಶಾಸ್ತ್ರದಂತೆ ಅವಳ ಹಿಂದೆಯೇ ನಿಂತ. ನಾನು ಮಂಡಿಯೂರಿ, ಆದಷ್ಟು ಹತ್ತಿರ ಹೋಗಿ, ಅವನ ಮುಖ ಫ್ರೇಮಿನಿಂದ ಹೊರಗಿರುವಂತೆ ಕೂತೆ. ತಾಳಿ ಎತ್ತಿದ ಪ್ರಕಾಶನ ಕೈ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು. ಉಸಿರು ಬಿಗಿಹಿಡಿದು ಒತ್ತಿದೆ.

ಶಿವಾಜಿನಗರದ ಕಲರ್ ಲ್ಯಾಬಿನಲ್ಲಿ ಪ್ರಿಂಟ್ ಬರುವವರೆಗೂ ಅಲ್ಲಿಂದ ಕದಲಲಿಲ್ಲ. ಇಬ್ಬರ ಮುಖವೂ ತಾಳಿಯೂ ಚೆನ್ನಾಗಿ ಬಂದಿದ್ದವು. ದೇವರು ದೊಡ್ಡವನು ಎಂದುಕೊಳ್ಳುವಷ್ಟರಲ್ಲಿ ಅದು ಕಣ್ಣಿಗೆ ಬಿತ್ತು. ಶೋಭಾಳ ಭುಜದ ಮೇಲೆ ಒಂದು ಗಂಡಸಿನ ಕೈ. ಕೊರಳಿಗೆ ತಾಳಿ ಬೀಳುವ ಗಳಿಗೆಯಲ್ಲಿ ನಂಜಪ್ಪ ತಡೆಯಲಾರದೆ ಕೈ ಇಟ್ಟಿದ್ದ. ಕತ್ತರಿಸೋಣವೆಂದರೆ ಅದು ಅವಳ ಕೆನ್ನೆಗೆ ತಾಗಿಕೊಂಡೇ ಇತ್ತು. ಕೈ ಹೋದರೆ ಮುಖವೂ ಹೋಗುತ್ತದೆ. ಬೇರೆ ದಾರಿಯಿಲ್ಲದೆ ಹಾಗೆಯೇ ಕೊಟ್ಟೆ. ಮದುವೆ ರಿಜಿಸ್ಟರ್ ಆಯಿತು, ಅವರಿಬ್ಬರೂ ಮೈಸೂರಿಗೆ ಹೋದರು.

ನನ್ನ ಸುಳಿವು ಸಿಕ್ಕಿದ್ದು ವ್ಯಾನಿನ ಡ್ರೈವರನ ಬಾಯಿಂದ ಎಂದು ಕಾಣುತ್ತದೆ. ಮರುವಾರ ಮಧ್ಯಾಹ್ನ ಅಂಗಡಿಯ ಮುಂದೆ ಜೀಪು ನಿಂತಿತು. ತಮ್ಮಂದಿರಿಬ್ಬರೂ ಅದರಲ್ಲೇ ಕೂತರು. ಮುನಿರಾಜಪ್ಪ ಒಬ್ಬರೇ ಒಳಗೆ ಬಂದು ಬಾಗಿಲು ಮುಂದಕ್ಕೆಳೆದರು.

“ಫೋಟೋ ತೋರ್ಸಿ.”

ಇಲ್ಲ ಎನ್ನಲು ಬಾಯಿ ತೆರೆದೆ.

“ಸುಳ್ ಹೇಳ್ಬೇಡಿ. ನೀವ್ ತೋರ್ಸದೆ ಇದ್ರೆ ಅವರಿಬ್ರೂ ಒಳಗ್ ಬರ್ತಾರೆ.”

ಅಂಗಡಿಯನ್ನೆಲ್ಲ ಜಾಲಾಡಿದರೆ ಮದುವೆಯ ಇಡೀ ರೋಲೇ ಸಿಗುತ್ತದೆ ಎಂದು ಹೆದರಿ, ನನಗೆಂದು ಡ್ರಾಯರಿನಲ್ಲಿ ಉಳಿಸಿಕೊಂಡಿದ್ದ ತಾಳಿ ಕಟ್ಟುವ ಫೋಟೋದ ಇನ್ನೊಂದು ಪ್ರಿಂಟ್ ತೆಗೆದುಕೊಟ್ಟೆ. ಅವರು ಅದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಮಗಳ ಮುಖ ನೋಡಿದರು, ಸೀರೆ ನೋಡಿದರು. ಆಮೇಲೆ ಅವರ ಬೆರಳು ಆ ಕೈಯ ಮೇಲೆ ಬಂದು ನಿಂತಿತು.

“ಇದ್ಯಾರ ಕೈ?”

ಒಂದು ಹೆಸರು ಹೇಳಿದರೆ ನಾನು ಬಚಾವು. ಆದರೆ ನಂಜಪ್ಪನ ಕತೆ ಮುಗಿಯುತ್ತದೆ, ತಮ್ಮನಿಗೆ ಸೀರೆ ಕೊಟ್ಟು ಕಳಿಸಿದ ಆ ತಾಯಿಯದೂ. ನಾನು ಮೇಜಿನ ಅಂಚು ಹಿಡಿದುಕೊಂಡು, “ಯಜಮಾನ್ರೇ, ಅದು...” ಎಂದು ತೊದಲಿದೆ.

“ಬೇಡ!” ಎಂದು ಅವರು ಕೈ ಅಡ್ಡ ಹಿಡಿದರು. “ಹೆಸರು ಹೇಳ್ಬೇಡಮ್ಮಾ. ಬಾಯ್ಬಿಟ್ಟು ನೀವ್ ಹೇಳಿದ್ಮೇಲೆ ನಾನ್ ಸುಮ್ನಿರೋ ಹಾಗಿಲ್ಲ.”

ಮತ್ತೆ ಫೋಟೋ ನೋಡಿದರು. “ನನ್ ಮಗಳು ಒಬ್ಳೇ ಕೂತಿದ್ಲೋ ಏನೋ ಅಂತ ಒಂದ್ ವಾರದಿಂದ ನಿದ್ದೆ ಇಲ್ಲ ಕಣಮ್ಮಾ,” ಎಂದರು. ಪ್ರಿಂಟನ್ನು ನನ್ನ ಕೈಗೇ ಹಿಂತಿರುಗಿಸಿದರು. “ಇದು ನಮ್ ಮನೇಲಿ ಇರೋ ಹಾಗಿಲ್ಲ. ನೀವೇ ಎಲ್ಲಾದ್ರೂ ಜೋಪಾನವಾಗಿ ಇಟ್ಕೊಳ್ಳಿ.”

ಕಣ್ಣೊರೆಸಿಕೊಂಡು, ಮೀಸೆ ಸರಿಮಾಡಿಕೊಂಡು ಬಾಗಿಲು ತೆರೆದರು. ಜೀಪಿನ ಕಡೆ ಗಟ್ಟಿಯಾಗಿ, “ಯಾವನೋ ನಿಮ್ಗೆ ಹೇಳಿದ್ದು? ಈಯಮ್ಮ ಆ ಬೆಟ್ಟಾನೇ ನೋಡಿಲ್ವಂತೆ, ನಡೀರಿ,” ಎಂದು ಗದರಿದರು.

ಆಮೇಲೆ ಎಷ್ಟೋ ಮದುವೆ ತೆಗೆದೆ. ರೆಸಾರ್ಟುಗಳು ಬಂದವು, ಡಿಜಿಟಲ್ ಬಂತು. ಯಾರ ಯಾರ ಫೋಟೋ ತೆಗೆಯಬೇಕು ಎಂದು ಎಲ್ಲ ಫೋಟೋಗ್ರಾಫರುಗಳೂ ಮೊದಲೇ ಕೇಳುತ್ತಾರೆ. ನಾನು ಹೆಣ್ಣನ್ನು ಪಕ್ಕಕ್ಕೆ ಕರೆದು ಇನ್ನೊಂದನ್ನೂ ಕೇಳುತ್ತಿದ್ದೆ: “ಫೋಟೋದಲ್ಲಿ ಯಾರು ಬರ್ಬಾರ್ದು, ಹೇಳಮ್ಮಾ.” ಬಹಳ ಹುಡುಗಿಯರು ನಗುತ್ತಿದ್ದರು. ಒಬ್ಬೊಬ್ಬಳು ಮಾತ್ರ ಸುತ್ತ ನೋಡಿ, ದನಿ ತಗ್ಗಿಸಿ, ಒಂದು ಹೆಸರು ಹೇಳುತ್ತಿದ್ದಳು.