ಹಸರು ಬಳಿ, ಬಿಗಿ ಗಂಟು

ಮದುವಿ ಆದಮ್ಯಾಲೂ ಈ ಆಟದಾಗ ಹೆಂಗ ಉಳದಿ ಅಂತ ಯಾರರ ಕೇಳಿದ್ರ, ನಾ ನಮ್ಮ ಅತ್ತಿ ಕಡಿ ಕೈ ತೋರಸ್ತೀನಿ.

ಮೊಬೈಲ್ ಗೇಮ್ ಆಡೋದ ನನ್ನ ಉದ್ಯೋಗ. ನಮ್ಮ ತಂಡಕ್ಕ ನಾನ ಕ್ಯಾಪ್ಟನ್. ಮದುವಿ ಆದಮ್ಯಾಲ ಮೊದಲನೇ ಟೂರ್ನಮೆಂಟ್ ರಾಯಚೂರಾಗ ಇತ್ತು. ಫೋನಿನ ಆಟಕ್ಕ ಪಗಾರ ಕೊಡ್ತಾರಂದ್ರ ನಂಬದ ಅತ್ತಿ, ಕಣ್ಣಾರೆ ನೋಡಾಕಂತ ಮಾನ್ವಿಯಿಂದ ನನ್ನ ಜೋಡಿ ಬಂದಿದ್ರು.

ಆಟ ಶುರುವಾಗೋ ಹೊತ್ತಿಗೆ ರೆಫರಿ ಬಂದ. "ಮೇಡಂ, ತಂಡದವರ ಜೋಡಿ ಮಾತಾಡೋ ಮೈಕಿನ್ಯಾಗ ಬಳಿ ಸಪ್ಪಳ ಬರಾಕತ್ತದ. ತೆಗೀರಿ, ಇಲ್ಲಾಂದ್ರ ಹೊರಗ ಕೂಡ್ರಿ."

ಮದುವ್ಯಾಗ ಇಟ್ಟ ಹಸರು ಬಳಿ. ಅತ್ತಿ ಮುಂದ ಹೆಂಗ ತೆಗೀಲಿ? ಹೊರಗಂತೂ ನಾ ಕೂಡಾಕಿ ಅಲ್ಲ. ಅತ್ತಿ ಮಾರಿ ನೋಡಿದೆ.

ಅವರು ಎದ್ದು ಬಂದ್ರು. ಚೀಲದಾಗಿನ ಹಳೇ ಅರಿವಿ ಹರದು, ನನ್ನ ಎರಡೂ ಕೈ ಬಳಿ ಮ್ಯಾಲ ಸುತ್ತಿ ಬಿಗಿಯಾಗಿ ಗಂಟು ಹಾಕಿದ್ರು.

"ಯಪ್ಪಾ, ಗದ್ದ್ಯಾಗ ಸಸಿ ಹಚ್ಚುವಾಗ ನಮ್ಮ ಹೊಸಾ ಸೊಸೆಂದ್ರು ಹಿಂಗ ಕಟ್ಟಿಕೊಂತಾರ. ಬಳಿ ಒಡಿಯಂಗಿಲ್ಲ, ಕೆಲಸಾನೂ ನಿಲ್ಲಂಗಿಲ್ಲ," ಅಂತ ರೆಫರಿಗೆ ಹೇಳಿದ್ರು. ಸಪ್ಪಳ ನಿಂತಿತ್ತು, ಅಂವ ಆಡಾಕ ಬಿಟ್ಟ.

ನಮ್ಮ ಮನ್ಯಾಗ ಈ ಆಟಕ್ಕ ಕೆಲಸ ಅಂದವ್ರಾಗ ಅತ್ತೀನ ಮೊದಲಿಗರು. ಅವತ್ತು ನಾವ ಗೆದ್ವಿ.

ಈಗ ನಾ ಸುಮ್ನ ಅಡ್ಡಾಗಿ ರೀಲ್ಸ್ ನೋಡಾಕತ್ತಿದ್ರೂ, ಬಂದವರಿಗೆಲ್ಲ ಅತ್ತಿ, "ಸೊಸಿ ಕೆಲಸದಾಗ ಅದಾಳ, ಮಾತಾಡಸಬ್ಯಾಡ್ರಿ" ಅಂತಾರ. ನಾನೂ ತಿದ್ದಾಕ ಹೋಗಿಲ್ಲ.