ನೀರು ಕೇಳಿದ ಪತ್ರಿಕೆಯ ಕಾಕಾ

ಮೊನ್ನೆ ಮೊಮ್ಮಗಳು ಕಮಲಾಪುರದ ಕೆಂಪು ಬಾಳೆಹಣ್ಣು ತಂದಳು. ಸಿಪ್ಪೆ ಸುಲಿದೊಡನೆ ಎದ್ದ ವಾಸನೆಗೆ ನನಗೆ ತವರು ನೆನಪಾಗಬೇಕಿತ್ತು. ನೆನಪಾದದ್ದು ಪಕ್ಕದ ಮನೆಯ ಕಾಕಾ... ನನ್ನ ಜೊತೆ ತವರಿಗೆ ಬಂದು, ಹಣ್ಣಿನ ಮೇಲೆ ಹಣ್ಣು ತಿನ್ನುತ್ತ, ಊರೆಲ್ಲ ಪ್ರಶ್ನೆ ಕೇಳಿದವರು.

ಅದು ನಿಜಾಮರ ಕಾಲ. ನಾನು ಕಲಬುರ್ಗಿಯ ಬ್ರಹ್ಮಪುರಕ್ಕೆ ಸೊಸೆಯಾಗಿ ಬಂದ ಹೊಸತು. ಕಾಕಾ ಹೈದರಾಬಾದಿನ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುತ್ತಿದ್ದರು. ಮಹಾ ತಲೆಹರಟೆ ಮನುಷ್ಯ. ಸಾರು ಯಾಕೆ ಹುಳಿಯಾಯಿತು ಎಂದು ಶುರುಮಾಡಿದರೆ ಹುಣಸೆ ಮರದ ತನಕ ಹೋಗುತ್ತಿದ್ದರು.

ಆ ವರ್ಷ ಒಬ್ಬ ಡಾಕ್ಟರು ನಾರುಹುಣ್ಣಿಗೆ ಮದ್ದು ಕಂಡುಹಿಡಿದಿದ್ದೇನೆ ಎಂದು ಸಾರಿದ್ದರು. ನಾರು ಅಂದರೆ ನಮ್ಮ ಕಡೆಯ ಬೇಸಿಗೆಯ ಪೀಡೆ. ಕುಡಿದ ನೀರಿನಿಂದ ಮೈ ಸೇರಿದ ಹುಳು ದಾರದ ಹಾಗೆ ಕಾಲಿನಿಂದ ಹೊರಬರುತ್ತಿತ್ತು. ಕಮಲಾಪುರದ ಒಂದು ಕೇರಿಗೆ ವರ್ಷವಿಡೀ ಮದ್ದು ಕುಡಿಸಿ ನೋಡಿದರಂತೆ, ಅಲ್ಲಿ ಒಬ್ಬರಿಗೂ ನಾರು ಬರಲಿಲ್ಲವಂತೆ. ಇನ್ನು ಜಿಲ್ಲೆಗೆಲ್ಲ ಅದೇ ಮದ್ದು ಎಂಬ ಮಾತಿತ್ತು. ಅದೇ ಕಮಲಾಪುರದ ಊರೊಳಗೆ ನನ್ನ ತವರು, ಅಪ್ಪನಿಗೆ ಪ್ರತಿ ಬೇಸಿಗೆ ನಾರು. ಹುಣ್ಣಿನ ಕಾಲು ಇಳಿದರೆ ಹುಳು ನೀರು ಸೇರುತ್ತದೆ, ಊರಿನ ದೊಡ್ಡ ಬಾವಿಯ ಮೆಟ್ಟಿಲು ಮುಚ್ಚಿಸಬೇಕು ಎಂದು ಓಡಾಡುತ್ತಿದ್ದವನು, ಮದ್ದು ಬಂತಲ್ಲ ಎಂದು ಕೈಬಿಟ್ಟ.

ಇಷ್ಟು ಕೇರಿಗಳಿರುವಾಗ ಡಾಕ್ಟರು ಅದೊಂದನ್ನೇ ಯಾಕೆ ಆರಿಸಿದರು? ಕಾಕಾಗೆ ಅದೇ ಹುಳ ತಲೆ ಹೊಕ್ಕಿತು. ನಾನು ತವರಿಗೆ ಹೊರಟಾಗ ಬಂಡಿ ಹತ್ತಿಯೇಬಿಟ್ಟರು. ನಮ್ಮವರು ಕಾಲಿಡದ, ಊರಾಚೆಯ ಕೇರಿ ಅದು. ಕಾಕಾ ಮೊದಲ ಮನೆಯಲ್ಲೇ ಕುಡಿಯಲು ನೀರು ಕೇಳಿದರು. ಮುದುಕಿ ಹಿಂಜರಿದಳು. ಇವರು ಬೊಗಸೆಯೊಡ್ಡಿ ಗಟಗಟ ಕುಡಿದರು. ನಾನು ದೂರ ನಿಂತು ನೋಡುತ್ತಿದ್ದೆ. ಆಮೇಲೆ, ನಿಮಗೆ ನಾರು ಯಾವಾಗ ನಿಂತಿತು ಎಂದು ಕೇಳಿದರು.

“ನಮಗ್ಯಾವಾಗ ನಾರು ಆಗ್ಯಾದ್ರಿ?” ಅಂದಳು ಆಕೆ. “ದೊಡ್ಡ ಬಾವ್ಯಾಗ ಇಳಿಲಾಕ ನಮಗ ಬಿಟ್ಟಾರೇನು? ನಮ್ಮದು ಹಗ್ಗ ಹಾಕಿ ಸೇದೋ ಬಾವಿ. ದಾಕ್ತರ್ ಸಾಹೇಬ್ರಿಗೂ ಇದೇ ಹೇಳೀನ್ರಿ. ಕೇಳ್ಕೊಂಡ ಮ್ಯಾಲೇ ನಮ್ಮ ಕೇರಿ ಹಿಡದಾರ.”

ಮದ್ದಿಗೆ ಮೊದಲೂ ಅಲ್ಲಿ ನಾರು ಇರಲಿಲ್ಲ, ಡಾಕ್ಟರಿಗೆ ಅದು ಗೊತ್ತೇ ಇತ್ತು! ಕಾಕಾ ಮನೆಮನೆಯಲ್ಲೂ ಕೇಳಿ ಖಾತ್ರಿ ಮಾಡಿಕೊಂಡರು. ಸಂಜೆ ಅಪ್ಪನಿಗೆ ಎಲ್ಲ ಹೇಳಿ, ಮೆಟ್ಟಿಲು ಮುಚ್ಚುವ ತನಕ ಆ ಕೇರಿಯ ಬಾವಿಯಿಂದ ನೀರು ತರಿಸಿಕೊಳ್ಳಿ ಎಂದರು. ಅಪ್ಪನಿಗೆ ಡಾಕ್ಟರ ಮೋಸಕ್ಕಿಂತ ಇವರು ಅಲ್ಲಿ ನೀರು ಕುಡಿದದ್ದೇ ದೊಡ್ಡದಾಯಿತು. ಕಾಕಾರನ್ನು ಪಡಸಾಲೆಯಿಂದ ಕೆಳಗಿಳಿಸಿದ.

“ಕಾಲು ಹೋದ್ರ ಹೋಗ್ಲಿ. ಆ ನೀರು ನನ್ನ ಮನಿಗಿ ಬರಬಾರದು,” ಅಂದ.

ಕಾಕಾ ಬರೆದದ್ದು ಅಚ್ಚಾಯಿತು, ಮದ್ದು ನಿಂತಿತು. ಡಾಕ್ಟರ ಬೆನ್ನಿಗಿದ್ದ ದೊಡ್ಡವರು ಕಾಕಾರನ್ನು ಕಲಬುರ್ಗಿಯಲ್ಲಿ ಇರಗೊಡಲಿಲ್ಲ. ಸೊಲ್ಲಾಪುರದ ಕಡೆ ಹೋದರೆಂದು ಕೇಳಿದೆ... ಆಮೇಲೆ ಸುದ್ದಿಯಿಲ್ಲ. ಅಪ್ಪ ದೊಡ್ಡ ಬಾವಿಯ ನೀರನ್ನೇ ಕುಡಿಯುತ್ತ ಹೋದ. ಮುಂದಿನ ಬೇಸಿಗೆ ಅವನ ಕಾಲಲ್ಲಿ ನಾರು ಒಳಗೇ ತುಂಡಾಗಿ, ಕೀವು ಮೇಲೇರಿ, ಅಪ್ಪ ಉಳಿಯಲಿಲ್ಲ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನೆನೆದರೆ ಅಳುವೂ ಬರುತ್ತದೆ.

ನಿಮ್ಮಪ್ಪ ಯಾಕೆ ಸತ್ತರು ಎಂದು ಮೊಮ್ಮಗಳು ಮೊನ್ನೆ ಕೇಳಿದಳು. ಡಾಕ್ಟರ ಸುಳ್ಳಿನಿಂದ ಅನ್ನಲು ಬಾಯಿ ತೆರೆದೆ. ಆದರೆ ಅದು ಸುಳ್ಳೆಂದು ಅಪ್ಪನಿಗೆ ಎಲ್ಲರಿಗಿಂತ ಮೊದಲೇ ಗೊತ್ತಾಗಿತ್ತಲ್ಲ.

“ಕೂಗಿದ್ರ ಕೇಳೋವಷ್ಟು ದೂರದಾಗ ಒಳ್ಳೆ ನೀರು ಇತ್ತವ್ವಾ,” ಅಂದೆ. “ಕುಡಿಲಿಲ್ಲ.”